ಓಟು, ಫೋನು, ಕ್ಯಾಮೆರಾ: ಗಡಿನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮಾತುಕತೆಗಳಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ಸುಲಭದವು ಮೊದಲು, ತಲೆ ತಿನ್ನುವವು ಕೊನೆಗೆ.

## ಮೊದಲು ಕೇಳುವವು

ಫೋನು ಹ್ಯಾಕ್ ಆಗುವುದಕ್ಕೂ ಪ್ರಜಾಪ್ರಭುತ್ವಕ್ಕೂ ಎಲ್ಲಿಂದೆಲ್ಲಿಗೆ ಸಂಬಂಧ?

ಖಾತೆಯಿಂದ ಹಣ ಹೋದರೆ ಹೋಯಿತೆಂದು ಅಂದೇ ಗೊತ್ತಾಗುತ್ತದೆ. ಓಟು ಹೋದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲವೆಂದು ತಿಳಿಯುವುದು ಬೂತಿನ ಬಾಗಿಲಲ್ಲಿ. ಕೇಳಿದ ಭಾಷಣ ಕೃತಕವೆಂದು ತಿಳಿಯುವುದು ಫಲಿತಾಂಶ ಬಂದ ಮೇಲೆ. ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ 2016ರ ಗೆಲುವಿನ ಅಂತರ 89 ಓಟು, 2021ರಲ್ಲಿ 745. ಇಂಥ ಕಡೆ ಇಡೀ ರಾಜ್ಯವನ್ನು ಮರುಳು ಮಾಡಬೇಕಾಗಿಲ್ಲ, ಎರಡು ಬೂತುಗಳಲ್ಲಿ ಗೊಂದಲ ಎಬ್ಬಿಸಿದರೆ ಸಾಕು.

ಪ್ರಜಾಪ್ರಭುತ್ವ ನಿಂತಿರುವುದು ನಾಲ್ಕರ ಮೇಲೆ: ಗುಟ್ಟಿನ ಮತ, ಹೆದರದೆ ಮಾತಾಡುವ ಹಕ್ಕು, ಸರಕಾರದ ಲೆಕ್ಕ ಕೇಳುವ ಹಕ್ಕು, ಫಲಿತಾಂಶವನ್ನು ಸಾಮಾನ್ಯನೂ ತಾಳೆ ನೋಡುವ ಅವಕಾಶ. ಈ ನಾಲ್ಕರಲ್ಲಿ ಕೊನೆಯದನ್ನು ಮರೆಯುವವರೇ ಹೆಚ್ಚು.

ಓಟಿನ ಮೆಷಿನನ್ನು ಇಂಟರ್ನೆಟ್‌ನಲ್ಲಿ ಕೂತು ಹ್ಯಾಕ್ ಮಾಡಲಿಕ್ಕೆ ಆಗ್ತದಾ?

ಓಟಿನ ಲೆಕ್ಕ ಇಡುವ ಕಂಟ್ರೋಲ್ ಯೂನಿಟ್, ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್, ಹಾಕಿದ ಓಟಿನ ಚೀಟಿ ತೋರಿಸುವ ವಿವಿಪ್ಯಾಟ್ ಈ ಮೂರಕ್ಕೂ ಪರಸ್ಪರ ಕೇಬಲ್ ಇದೆಯೇ ಹೊರತು ಹೊರಗಿನ ಯಾವ ಜಾಲಕ್ಕೂ ಸಂಪರ್ಕವಿಲ್ಲ. ಮನೆಯಲ್ಲಿ ಕೂತು ಕೈಯಾಡಿಸುವ ಮಾತು ಹಾಗಾಗಿ ನಿಲ್ಲುವುದಿಲ್ಲ. ಅಪಾಯ ಇದ್ದರೆ ಅದು ಮೆಷಿನಿಗೆ ಕೈ ತಾಗುವ ಹಂತಗಳಲ್ಲಿದೆ: ತಯಾರಿ, ದಾಸ್ತಾನು, ಅಭ್ಯರ್ಥಿಗಳ ಚಿಹ್ನೆ ತುಂಬುವ ದಿನ, ಸಾಗಾಟ. ಅದಕ್ಕೇ ಪಕ್ಷದ ಏಜೆಂಟರ ಕಣ್ಣಿಗೆ ಬೆಲೆ.

ಮತದಾನ ಶುರುವಾಗುವ 90 ನಿಮಿಷ ಮೊದಲು ಅಣಕು ಮತದಾನ ನಡೆಯುತ್ತದೆ. ಕನಿಷ್ಠ 50 ಓಟು ಹಾಕಿ, ಮೆಷಿನಿನ ಲೆಕ್ಕವನ್ನೂ ಚೀಟಿಗಳನ್ನೂ ತಾಳೆ ನೋಡಿ, ಬಳಿಕ ಕ್ಲೋಸ್, ರಿಸಲ್ಟ್, ಕ್ಲಿಯರ್ ಈ ಕ್ರಮದಲ್ಲಿ ಗುಂಡಿ ಒತ್ತಿ ಮೆಷಿನನ್ನು ಸೊನ್ನೆಗೆ ತರಬೇಕು. ಅಣಕು ಚೀಟಿಗಳನ್ನು ಪೆಟ್ಟಿಗೆಯಿಂದ ತೆಗೆದು, ಹಿಂಬದಿಗೆ ಮುದ್ರೆ ಒತ್ತಿ, ಕಪ್ಪು ಲಕೋಟೆಯಲ್ಲಿ ಮುಚ್ಚಬೇಕು. ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಕ್ಲಿಯರ್ ಒತ್ತಲು ಮರೆತರೆ ಎಣಿಕೆಯ ದಿನ 50 ಓಟು ಹೆಚ್ಚಿಗೆ ಕಾಣುತ್ತದೆ, ಚೀಟಿ ಪೆಟ್ಟಿಗೆಯಲ್ಲೇ ಉಳಿದರೆ ವಿವಿಪ್ಯಾಟ್ ಲೆಕ್ಕ ಕೆಡುತ್ತದೆ. ಇದು ಮೋಸವಲ್ಲ, ಅಜಾಗ್ರತೆ. ಆದರೆ ಅಣಕು ಮತದಾನ ಮುಗಿದ ಮೇಲೆ ಆರೂವರೆಗೆ ಬೂತಿಗೆ ಬಂದ ಏಜೆಂಟನಿಗೆ ಎರಡರ ವ್ಯತ್ಯಾಸ ಗೊತ್ತಾಗುವುದು ಹೇಗೆ?

ಸಂಜೆ ಮತದಾನ ಮುಗಿದಾಗ ಅಧ್ಯಕ್ಷಾಧಿಕಾರಿ ಸಹಿ ಹಾಕಿದ ನಮೂನೆ 17ಸಿಯ ಪ್ರತಿ ಏಜೆಂಟನ ಕೈಗೆ ಬರಬೇಕು. ಚಲಾವಣೆಯಾದ ಒಟ್ಟು ಓಟು, ಮೆಷಿನಿನ ಸಂಖ್ಯೆ, ಸೀಲಿನ ಸಂಖ್ಯೆ ಎಲ್ಲ ಅದರಲ್ಲಿರುತ್ತದೆ. ಎಣಿಕೆ ಕೇಂದ್ರದಲ್ಲಿ ಈ ಒಂದು ಹಾಳೆಯ ಎದುರು ಹತ್ತು ವಾಟ್ಸಾಪ್ ವಿಡಿಯೋಗಳಿಗೆ ತೂಕವಿಲ್ಲ.

2024ರಲ್ಲಿ ಕಾಸರಗೋಡಿನಲ್ಲೇ ಒತ್ತದ ಗುರ್ತಿಗೆ ಚೀಟಿ ಬಂತು ಅಂತ ಸುದ್ದಿ ಇತ್ತಲ್ಲ, ಅದೇನಾಯ್ತು?

ಲೋಕಸಭಾ ಚುನಾವಣೆಗೆ ಮೆಷಿನು ಸಜ್ಜುಗೊಳಿಸುವಾಗ ಒಂದು ಪಕ್ಷದ ಹೆಸರಿಗೆ ಹೆಚ್ಚುವರಿ ಚೀಟಿ ಬಂತೆಂದು ಇತರ ಅಭ್ಯರ್ಥಿಗಳ ಏಜೆಂಟರು ದೂರಿದರು. 2024ರ ಏಪ್ರಿಲ್ 18ರಂದು, ವಿವಿಪ್ಯಾಟ್ ಚೀಟಿಗಳನ್ನೆಲ್ಲ ಎಣಿಸಬೇಕೆಂಬ ಪ್ರಕರಣದ ವಿಚಾರಣೆಯಲ್ಲಿ ಇದು ಸುಪ್ರೀಂ ಕೋರ್ಟಿನ ಮುಂದೆ ಬಂತು, ಪರಿಶೀಲಿಸುವಂತೆ ನ್ಯಾಯಪೀಠ ಚುನಾವಣಾ ಆಯೋಗಕ್ಕೆ ಹೇಳಿತು. ಜಿಲ್ಲಾಧಿಕಾರಿಯ ಬಳಿ ವಿಚಾರಿಸಿದ್ದೇವೆ, ಸುದ್ದಿ ಸುಳ್ಳು ಎಂದು ಆಯೋಗ ಅಂದೇ ಉತ್ತರಿಸಿತು. ಬಂದದ್ದು ಪರೀಕ್ಷಾ ಚೀಟಿ, ಎಣಿಸಬಾರದೆಂದು ಅದರ ಮೇಲೆಯೇ ಮುದ್ರಿತವಾಗಿತ್ತು ಎಂಬುದು ಅಧಿಕಾರಿಗಳ ವಿವರಣೆ.

ದೂರಿತ್ತವರು ಮಾಡಿದ್ದು ಸರಿಯಾದ ಕೆಲಸ ಎಂದೇ ನಮ್ಮ ಅಭಿಪ್ರಾಯ. ಸಜ್ಜುಗೊಳಿಸುವ ದಿನ ಕಂಡದ್ದನ್ನು ಕೂಡಲೇ ಬರವಣಿಗೆಯಲ್ಲಿ ಕೊಟ್ಟಿದ್ದರಿಂದ ಬೇಗನೆ ಉತ್ತರ ಬಂತು. ಮತದಾನದ ದಿನ ನಿಮಗೆ ಬೇರೆ ಚಿಹ್ನೆಯ ಚೀಟಿ ಕಂಡರೂ ದಾರಿಯಿದೆ. ಚೀಟಿ ಕಾಣುವುದು 7 ಸೆಕೆಂಡು ಮಾತ್ರ, ಆದ್ದರಿಂದ ಗುಂಡಿ ಒತ್ತಿದ ಕೂಡಲೇ ಗಾಜಿನತ್ತ ನೋಡಿ. ನಿಯಮ 49ಎಂಎ ಪ್ರಕಾರ ಲಿಖಿತ ಘೋಷಣೆ ಕೊಟ್ಟರೆ ಏಜೆಂಟರ ಎದುರು ಪರೀಕ್ಷಾ ಓಟು ಹಾಕಿಸುತ್ತಾರೆ. ದೂರು ನಿಜವಾದರೆ ಆ ಮೆಷಿನಿನಲ್ಲಿ ಮತದಾನ ನಿಲ್ಲುತ್ತದೆ, ಸುಳ್ಳಾದರೆ ಘೋಷಣೆ ಕೊಟ್ಟವರಿಗೆ ಶಿಕ್ಷೆಯಾಗಬಹುದು. ಈ ಕೊನೆಯ ಮಾತು ಕೇಳಿಯೇ ಬಹಳ ಮಂದಿ ಬಾಯಿ ಮುಚ್ಚಿ ಹೊರಬರುತ್ತಾರೆ.

ಪಂಚಾಯತ್ ಓಟಿನಲ್ಲಿ ಚೀಟಿ ಕಾಣಲೇ ಇಲ್ಲ. ಮೆಷಿನ್ ಹಾಳಾಗಿತ್ತಾ?

ಇಲ್ಲ. ಕೇರಳದ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದರ ಮೆಷಿನುಗಳಲ್ಲಿ ವಿವಿಪ್ಯಾಟ್ ಇಲ್ಲ, ನೋಟಾ ಕೂಡ ಇಲ್ಲ. ಗ್ರಾಮ ಪಂಚಾಯತಿಗೆ ಬಿಳಿ, ಬ್ಲಾಕಿಗೆ ಗುಲಾಬಿ, ಜಿಲ್ಲಾ ಪಂಚಾಯತಿಗೆ ತಿಳಿನೀಲಿ ಹಾಳೆಯ ಮೂರು ಬ್ಯಾಲೆಟ್ ಯೂನಿಟ್ ಇರುತ್ತವೆ. ಮೂರಕ್ಕೂ ಓಟು ಹಾಕಲು ಮನಸ್ಸಿಲ್ಲದಿದ್ದರೆ ಕೊನೆಯಲ್ಲಿ ಎಂಡ್ ಗುಂಡಿ ಒತ್ತಬೇಕು.

## ಮತದಾರರ ಪಟ್ಟಿ

ನನ್ನ ಹೆಸರನ್ನು ಯಾರಾದರೂ ಆನ್‌ಲೈನ್‌ನಲ್ಲಿ ತೆಗೆಸಿಬಿಡಬಹುದಾ?

ಅರ್ಜಿ ಹಾಕಬಹುದು. ತೆಗೆಯುವುದು ಅಷ್ಟು ಸುಲಭವಲ್ಲ. ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮುಂಚೆ ನಡೆದದ್ದೇ ಉದಾಹರಣೆ. ಹೆಸರು ತೆಗೆಯಲು ನಮೂನೆ 7ರಲ್ಲಿ 6,018 ಆನ್‌ಲೈನ್ ಅರ್ಜಿಗಳು ಬಂದವು. ಸ್ಥಳಕ್ಕೆ ಹೋಗಿ ನೋಡಿದಾಗ ಸರಿಯಿದ್ದದ್ದು 24 ಮಾತ್ರ. ಅರ್ಜಿದಾರರೆಂದು ತೋರಿಸಿದ್ದವರಿಗೆ ತಮ್ಮ ಹೆಸರಿನಲ್ಲಿ ಅರ್ಜಿ ಹೋದದ್ದೇ ಗೊತ್ತಿರಲಿಲ್ಲ. ಕನ್ನ ಬಿದ್ದದ್ದು ಮತಯಂತ್ರಕ್ಕಲ್ಲ, ಅರ್ಜಿ ಹಾಕುವ ಪೋರ್ಟಲ್‌ನ ಲಾಗಿನ್‌ಗೆ. ಯಾವುದೋ ಮೊಬೈಲಿನ ಒಟಿಪಿಯಿಂದ ಒಳಹೊಕ್ಕು ಬೇರೆಯವರ ಹೆಸರಿನಲ್ಲಿ ಅರ್ಜಿ ತುಂಬಲು ಆಗ ಸಾಧ್ಯವಿತ್ತು. 2025ರ ಸೆಪ್ಟೆಂಬರಿನಲ್ಲಿ ಆಯೋಗ ಆಧಾರ್ ಜೋಡಿತ ಇ-ಸಹಿಯನ್ನು ಸೇರಿಸಿತು.

ಮಾಡಬೇಕಾದದ್ದು ಇಷ್ಟು. ಗುರುತಿನ ಚೀಟಿಯ ಸಂಖ್ಯೆ ಹಾಕಿ ಆಯೋಗದ ಪೋರ್ಟಲ್‌ನಲ್ಲಿ ಹೆಸರು ಹುಡುಕಿ. ಚುನಾವಣೆಯ ವರ್ಷದಲ್ಲಿ ತಿಂಗಳಿಗೊಮ್ಮೆಯಾದರೂ ನೋಡುವುದು ಒಳ್ಳೆಯದು. ನಮೂನೆ 7ರ ಅರ್ಜಿಗಳ ಪಟ್ಟಿಯನ್ನು ನಮೂನೆ 10ರಲ್ಲಿ ಪ್ರಕಟಿಸುತ್ತಾರೆ. ಒಂದೇ ಹೆಸರಿನಿಂದ ಹತ್ತಾರು ಆಕ್ಷೇಪಣೆ ಬಂದಿದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ. ಕೇಳದೆ ಹೆಸರು ಕಿತ್ತಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ. ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಬಳಿ ಬಾಯಿಮಾತಿನಲ್ಲಿ ಹೇಳಿ ಬರುವುದು ಮೇಲ್ಮನವಿಯಲ್ಲ.

ಕನ್ನಡದಲ್ಲಿ ಒಂದು ಹೆಸರು, ಮಲಯಾಳದಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು. ಕಂಪ್ಯೂಟರ್ ನನ್ನನ್ನು ಮೂರು ಜನ ಅಂತ ತಿಳಿದರೆ?

ಗಡಿನಾಡಿನ ಸ್ವಂತ ತಲೆನೋವು ಇದು. ಶಾಲೆಯ ದಾಖಲೆ ಕನ್ನಡದಲ್ಲಿ, ವಿಲ್ಲೇಜ್ ಆಫೀಸಿನದು ಮಲಯಾಳದಲ್ಲಿ, ಆಧಾರ್ ತಂತ್ರಾಂಶ ಇಂಗ್ಲಿಷಿನಿಂದ ತಾನೇ ಲಿಪ್ಯಂತರ ಮಾಡಿಕೊಂಡದ್ದು. ಒಂದರಲ್ಲಿ ಮನೆಹೆಸರು ಮುಂದೆ, ಇನ್ನೊಂದರಲ್ಲಿ ತಂದೆಯ ಇನಿಶಿಯಲ್ ಹಿಂದೆ. ಹೆಸರು ತಾಳೆ ನೋಡುವ ತಂತ್ರಾಂಶ ಅಕ್ಷರಗಳನ್ನು ಹೋಲಿಸುತ್ತದೆ, ಮನುಷ್ಯರನ್ನಲ್ಲ. 2025ರ ನವೆಂಬರ್ 4ರಿಂದ ಕೇರಳದಲ್ಲಿ ಶುರುವಾದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ 2002ರ ಪಟ್ಟಿಯೊಂದಿಗೆ ತಾಳೆ ನೋಡುವಾಗ ಇದೇ ಕಾರಣಕ್ಕೆ ಗಡಿಯವರು ಹೆಚ್ಚು ಎಚ್ಚರದಿಂದಿರಬೇಕಾಯಿತು.

ಮೊದಲು ಆಧಾರಿನ ಇಂಗ್ಲಿಷ್ ಅಕ್ಷರ ಸರಿಮಾಡಿಸಿ, ಆಮೇಲೆ ಅದೇ ಅಕ್ಷರಗಳಿಗೆ ನಮೂನೆ 8ರಲ್ಲಿ ಮತದಾರರ ಪಟ್ಟಿ ತಿದ್ದಿಸಿ. ಉಲ್ಟಾ ಮಾಡಿದರೆ ಎರಡು ಸಲ ಅಲೆಯಬೇಕು. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಸುವುದಾದರೆ ಮೊಬೈಲ್ ಸಂಖ್ಯೆ ನಿಮ್ಮದೇ ಕೊಡಿ, ಅಂಗಡಿಯವರದ್ದಲ್ಲ.

ಪುತ್ತೂರು, ಬಂಟ್ವಾಳ ಕಡೆಯಿಂದ ಮದುವೆಯಾಗಿ ಬಂದವರ ಹೆಸರು ಎರಡೂ ರಾಜ್ಯಗಳಲ್ಲಿ ಉಳಿದಿರುವುದುಂಟು. ಎರಡು ಕಡೆ ಇರುವುದು ಕಾನೂನಿಗೆ ವಿರುದ್ಧ, ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು. ಇಲ್ಲಿ ಸ್ಥಳಾಂತರವೆಂದು ನಮೂನೆ 8 ತುಂಬಿದರೆ ಹಳೆಯ ಕಡೆಯದನ್ನು ತೆಗೆಯುವ ದಾರಿಯಾಗುತ್ತದೆ. ಹೊಸಬರಂತೆ ನಮೂನೆ 6 ತುಂಬಿದರೇ ಎರಡಾಗುವುದು.

## ಸುಳ್ಳು ದನಿ, ಸುಳ್ಳು ಮುಖ

ಅಭ್ಯರ್ಥಿಯ ದನಿಯ ಆಡಿಯೋ ಗ್ರೂಪಿಗೆ ಬಂದಿದೆ. ಖರೆಯೋ ಸುಳ್ಳೋ ಹೇಗೆ ಗೊತ್ತಾಗುವುದು?

ಕಿವಿಯನ್ನು ನಂಬಬೇಡಿ. ಕೃತಕ ದನಿ ಪಠ್ಯಪುಸ್ತಕದ ಕನ್ನಡ ಮಾತಾಡುತ್ತದೆ, ನಮ್ಮ ಕಡೆಯ ಎಳೆತ ಅದಕ್ಕೆ ಬಾರದು ಎಂಬ ಧೈರ್ಯ ಹೆಚ್ಚು ದಿನ ಬಾಳುವುದಿಲ್ಲ. ಒಬ್ಬರ ದನಿ ನಕಲು ಮಾಡಲು ಅರ್ಧ ನಿಮಿಷದ ಭಾಷಣವೂ ಸಾಕಾಗುವ ಕಾಲವಿದು. ಎಳೆತವೂ ಅದರ ಜೊತೆಗೇ ಬರುತ್ತದೆ.

ನೋಡಬೇಕಾದದ್ದು ಹೊತ್ತು ಮತ್ತು ಮೂಲ. ಸ್ಲೊವಾಕಿಯದಲ್ಲಿ 2023ರ ಸೆಪ್ಟೆಂಬರಿನ ಚುನಾವಣೆಗೆ ಎರಡೇ ದಿನ ಇರುವಾಗ ಪ್ರಮುಖ ಅಭ್ಯರ್ಥಿಯೊಬ್ಬರ ನಕಲಿ ಆಡಿಯೋ ಹರಡಿತು. ಅದು ಪ್ರಚಾರ ನಿಂತು ಯಾರೂ ಉತ್ತರಿಸುವಂತಿಲ್ಲದ ಹೊತ್ತು. ನಮ್ಮಲ್ಲೂ ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಬಹಿರಂಗ ಪ್ರಚಾರ ನಿಷಿದ್ಧ. ಆ ಹೊತ್ತಿನಲ್ಲಿ ಮೊದಲ ಬಾರಿಗೆ ಕೇಳಿಬರುವ "ಸ್ಫೋಟಕ" ಆಡಿಯೋವನ್ನು, ಯಾವ ಪಕ್ಷದ್ದೇ ಆಗಲಿ, ಸುಳ್ಳೆಂದೇ ಎಣಿಸಿ ಶುರುಮಾಡಿ.

ವಾಟ್ಸಾಪ್ ಸಂದೇಶದ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಹಲವು ಕೈ ದಾಟಿ ಬಂದದ್ದು, ಕಳಿಸಿದವರಿಗೂ ಮೂಲ ಗೊತ್ತಿರುವುದಿಲ್ಲ. ಮಾತು ಯಾವ ಊರಿನಲ್ಲಿ, ಯಾವ ದಿನ, ಯಾರ ಎದುರು ಆಡಿದ್ದೆಂದು ಕೇಳಿ. ಸಂದೇಶವನ್ನು ಅಳಿಸಬೇಡಿ, ಫಾರ್ವರ್ಡ್ ಕೂಡ ಮಾಡಬೇಡಿ. ಬಂದ ಫೋನಿನಲ್ಲೇ ಇರಲಿ, ಕಳಿಸಿದ ಸಂಖ್ಯೆ ಮತ್ತು ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಚುನಾವಣಾ ದೂರಿಗೆಂದು ಇರುವ ಆಯೋಗದ ಸಿವಿಜಿಲ್ ಆ್ಯಪ್‌ನಲ್ಲಿ ಇದನ್ನು ಹಾಕಲು ಹೋಗಿ ಆಗಲಿಲ್ಲವೆನ್ನುವವರು ಬಹಳ. ಅದು ಸ್ಥಳದಲ್ಲೇ ಆಗಲೇ ದಾಖಲಿಸಿದ್ದನ್ನು ಮಾತ್ರ ತೆಗೆದುಕೊಳ್ಳುತ್ತದೆ. ಹೀಗೆ ಫೋನಿಗೆ ಬಂದ ಆಡಿಯೋಗೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ, ಚುನಾವಣಾಧಿಕಾರಿಗೆ ಬರವಣಿಗೆಯಲ್ಲೂ ಕೊಡಿ. ಪಕ್ಷದ ಅಧಿಕೃತ ಪುಟದಲ್ಲೇ ಬಂದಿದ್ದರೆ, ಗಮನಕ್ಕೆ ಬಂದ 3 ಗಂಟೆಯೊಳಗೆ ತೆಗೆಯಬೇಕೆಂದು ಆಯೋಗ 2024ರ ಮೇ 6ರಂದು ಪಕ್ಷಗಳಿಗೆ ಸೂಚಿಸಿದೆ.

2024ರ ಮಾರ್ಚಿನಲ್ಲಿ ಸತ್ಯಶೋಧಕ ಸಂಸ್ಥೆಗಳು ಸೇರಿ ಡೀಪ್‌ಫೇಕ್ (ಕೃತಕವಾಗಿ ಸೃಷ್ಟಿಸಿದ ದನಿ, ದೃಶ್ಯ) ಪರಿಶೀಲನೆಗೆ ವಾಟ್ಸಾಪ್ ಸಹಾಯವಾಣಿ ಆರಂಭಿಸಿದಾಗ ಇದ್ದ ಭಾಷೆಗಳು ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ತುಳುವಿನ ಮಾತು ದೂರ.

ಹಾಗಾದರೆ ಸುಳ್ಳನ್ನೆಲ್ಲ ಸರಕಾರವೇ ಅಳಿಸಿಹಾಕಿದರೆ ಆಗದಾ?

ಯಾವುದು ಸುಳ್ಳೆಂದು ತೀರ್ಮಾನಿಸುವವರು ಯಾರು ಎಂಬಲ್ಲಿ ಗಾಡಿ ನಿಲ್ಲುತ್ತದೆ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು, ಆಕ್ಷೇಪಾರ್ಹ ಸಂದೇಶ ಕಳಿಸಿದವರನ್ನು ಶಿಕ್ಷಿಸುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನೂ ಅಂಥದ್ದೇ ಆದ ಕೇರಳ ಪೊಲೀಸ್ ಕಾಯ್ದೆಯ 118(ಡಿ)ಯನ್ನೂ ರದ್ದು ಮಾಡಿತು. 2020ರ ನವೆಂಬರಿನಲ್ಲಿ ಕೇರಳ ಸರಕಾರ 118ಎ ಎಂಬ ಸುಗ್ರೀವಾಜ್ಞೆ ತಂದಿತು: ಅವಹೇಳನಕಾರಿ ಪೋಸ್ಟಿಗೆ ಮೂರು ವರ್ಷದವರೆಗೆ ಜೈಲು. ಗದ್ದಲವೆದ್ದು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ತನ್ನ ಬಗೆಗಿನ ಸುದ್ದಿಯನ್ನು ತಾನೇ ಸುಳ್ಳೆಂದು ಗುರುತಿಸುವ ಘಟಕಕ್ಕೆ ಕೇಂದ್ರ ಸರಕಾರ ಮಾಡಿದ್ದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಹೊಡೆದುಹಾಕಿತು. ಆದರೆ ವಿಷಯ ತೆಗೆಸುವ ಆದೇಶ ಕಳಿಸುವ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ ಕಂಪನಿ ಹಾಕಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿದೆ. ಬಣ್ಣ ಬೇರೆಯಾದರೂ ಎಲ್ಲ ಸರಕಾರಗಳ ಕೈ ಇತ್ತ ಚಾಚುತ್ತದೆ.

## ಕಣ್ಗಾವಲು, ಮಾಹಿತಿ

ತಪ್ಪು ಮಾಡದವನಿಗೆ ಕ್ಯಾಮೆರಾದಿಂದ ಏನು ಹೆದರಿಕೆ?

ಕ್ಯಾಮೆರಾ ಎಲ್ಲಿದೆ ಎಂಬುದಕ್ಕಿಂತ ಅದರ ದೃಶ್ಯ ಯಾರ ಕೈಯಲ್ಲಿದೆ ಎಂದು ಕೇಳಿ. 2019ರ ಲೋಕಸಭಾ ಚುನಾವಣೆಯಲ್ಲಿ ಕಾಸರಗೋಡು ಕ್ಷೇತ್ರದ ಕೆಲವು ಬೂತುಗಳಲ್ಲಿ ಕಳ್ಳ ಓಟು ಬಿದ್ದದ್ದು ಬಯಲಾದದ್ದೇ ವೆಬ್‌ಕಾಸ್ಟಿಂಗ್ (ಬೂತಿನ ನೇರ ಪ್ರಸಾರ) ದೃಶ್ಯಗಳಿಂದ, ಮೇ 19ರಂದು ಮರುಮತದಾನವೂ ಆಯಿತು. ಅಲ್ಲಿ ಕ್ಯಾಮೆರಾ ಮತದಾರನ ಕಡೆ ನಿಂತಿತ್ತು. 2024ರ ಡಿಸೆಂಬರಿನಲ್ಲಿ ಚುನಾವಣಾ ನಿಯಮ 93 ತಿದ್ದುಪಡಿಯಾಗಿ ಇಂಥ ದೃಶ್ಯಗಳನ್ನು ಸಾರ್ವಜನಿಕರು ಪಡೆಯುವ ದಾರಿ ಮುಚ್ಚಿತು. 2025ರ ಮೇ ತಿಂಗಳ ಸೂಚನೆಯಂತೆ ಚುನಾವಣಾ ತಕರಾರು ಅರ್ಜಿ ಇಲ್ಲದಿದ್ದರೆ 45 ದಿನಗಳ ಬಳಿಕ ಅವನ್ನು ನಾಶ ಮಾಡಬಹುದು. ಮತದಾರರ ಖಾಸಗಿತನ ಎಂಬ ಕಾರಣದಲ್ಲಿ ಹುರುಳಿಲ್ಲ ಎನ್ನಲಾರೆವು. ಆದರೆ ರಸ್ತೆಯಲ್ಲಿ ಹೋಗುವವನ ಮುಖಕ್ಕೆ ಅಷ್ಟೇ ಕಾಳಜಿ ತೋರಿಸಿದ್ದನ್ನು ಕಂಡಿಲ್ಲ.

ರಸ್ತೆ ಸುರಕ್ಷತೆಯ ಸೇಫ್ ಕೇರಳ ಯೋಜನೆಯ ಕ್ಯಾಮೆರಾಗಳು 2023ರ ಜೂನ್ 5ರಿಂದ ಹೆಲ್ಮೆಟ್, ಸೀಟ್ ಬೆಲ್ಟಿಗೆ ದಂಡ ಹಾಕುತ್ತಿವೆ. ಅದಕ್ಕೆ ತಕರಾರಿಲ್ಲ. ಹೆಲ್ಮೆಟ್ ನೋಡಲು ಇಟ್ಟ ಕಣ್ಣು ನಾಳೆ ಮೆರವಣಿಗೆಗೆ ಹೋದವರ ಮುಖ ಎಣಿಸತೊಡಗಿದರೆ ತಕರಾರಿದೆ. ಖಾಸಗಿತನ ಮೂಲಭೂತ ಹಕ್ಕೆಂದ ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಇದಕ್ಕೆ ಅಳತೆಗೋಲು ಕೊಟ್ಟಿದೆ: ಕಾನೂನಿನ ಆಧಾರ ಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಮುಖ ಗುರುತಿಸುವ ತಂತ್ರಜ್ಞಾನಕ್ಕೆಂದೇ ಮಾಡಿದ ಕಾಯ್ದೆ ನಮ್ಮಲ್ಲಿಲ್ಲ.

ಆ್ಯಪ್ ಒಪ್ಪಿಗೆ ಕೇಳುವುದು ಮಲಯಾಳ ಇಲ್ಲವೇ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಕೊಡಿ ಅಂತ ಕೇಳಬಹುದಾ?

ಕೇಳಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆಯ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡ, ಕೊಂಕಣಿ, ಮರಾಠಿ ಅದರಲ್ಲಿವೆ. ತುಳು, ಬ್ಯಾರಿ ಇಲ್ಲ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇಯಲ್ಲಿ ಜಾರಿಗೆ ಬರುತ್ತವೆ. ದಂಡ 250 ಕೋಟಿ ರೂಪಾಯಿಯವರೆಗೆ.

ಇದೇ ಕಾಯ್ದೆಗೆ ಇನ್ನೊಂದು ಮುಖವಿದೆ. ಸರಕಾರದ ಸಂಸ್ಥೆಗಳಿಗೆ ಸೆಕ್ಷನ್ 17ರಲ್ಲಿ ವಿಶಾಲವಾದ ವಿನಾಯಿತಿ ಸಿಗಬಹುದು. 44(3) ಮೂಲಕ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಬದಲಾಗಿ, ವೈಯಕ್ತಿಕ ಮಾಹಿತಿ ಎಂದರೆ ಸಾಕು, ಕೊಡದಿರಲು ನೆಪ ಸಿಕ್ಕಂತಾಗಿದೆ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಲು 8(2) ಇನ್ನೂ ಉಳಿದಿದೆ. ಪಂಚಾಯತಿನಲ್ಲಿ ಫಲಾನುಭವಿಗಳ ಪಟ್ಟಿ ಕೇಳುವವರು ಅರ್ಜಿಯಲ್ಲೇ ಆ ಉಪಸೆಕ್ಷನ್ ಹೆಸರಿಸಿ, ಹಿತವೇನೆಂದು ಎರಡು ಸಾಲು ಬರೆಯಿರಿ.

ನೆಟ್ ನಿಲ್ಲಿಸಿದರೆ ಪ್ರಶ್ನಿಸಲಿಕ್ಕೆ ಆಗ್ತದಾ?

2019ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ ನಿಂತಾಗ ಮಂಗಳೂರಿನಲ್ಲಿ ಕೆಲಸ, ಕಾಲೇಜು, ಆಸ್ಪತ್ರೆಯಲ್ಲಿದ್ದ ಗಡಿಯ ಈಚೆಯವರಿಗೂ ಅದರ ಬಿಸಿ ತಟ್ಟಿತು. ಮರು ತಿಂಗಳೇ, 2020ರ ಜನವರಿ 10ರಂದು, ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅನಿರ್ದಿಷ್ಟಾವಧಿ ನಿಲುಗಡೆ ಸಲ್ಲದು, ಆದೇಶವನ್ನು ಪ್ರಕಟಿಸಲೇಬೇಕು ಎಂದಿತು. ಈಗಿನ 2024ರ ನಿಯಮಗಳಲ್ಲಿ ಒಂದು ಆದೇಶದ ಮಿತಿ 15 ದಿನ. ಮೊದಲು ಆದೇಶದ ಪ್ರತಿ ಹುಡುಕಿ. ಪ್ರಕಟವಾಗದಿದ್ದರೆ ಹೈಕೋರ್ಟಿನಲ್ಲಿ ಅದೇ ಮೊದಲ ವಾದ.

## ಇನ್ನೂ ಆಳಕ್ಕೆ

ಪೆಗಾಸಸ್ ತರಹದ್ದು ನಮ್ಮಂಥವರ ಫೋನಿಗೂ ಬರ್ತದಾ?

ಪೆಗಾಸಸ್ ಎಂದರೆ ಫೋನಿನೊಳಗೆ ಹೊಕ್ಕು ಕದ್ದು ನೋಡುವ ತಂತ್ರಾಂಶ. ಬರುವ ಸಂಭವ ಬಹಳ ಕಡಿಮೆ. ಸುಪ್ರೀಂ ಕೋರ್ಟು ನೇಮಿಸಿದ ತಜ್ಞ ಸಮಿತಿ 29 ಫೋನುಗಳನ್ನು ನೋಡಿ ಐದರಲ್ಲಿ ಕುತಂತ್ರಾಂಶ ಕಂಡಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಸರಕಾರ ಸಹಕರಿಸಲಿಲ್ಲವೆಂದೂ ಸಮಿತಿ ಹೇಳಿದ್ದನ್ನು ಪೀಠ 2022ರ ಆಗಸ್ಟ್ 25ರಂದು ತಿಳಿಸಿತು.

ವಾರ್ಡು ಮೆಂಬರ್, ಸ್ಥಳೀಯ ವರದಿಗಾರ, ಸಂಘದ ಕಾರ್ಯದರ್ಶಿ ಇವರಿಗೆ ಬರುವುದು ಇದಕ್ಕಿಂತ ಅಗ್ಗದ ದಾಳಿ. ಮದುವೆ ಆಮಂತ್ರಣವೋ ವಾಹನ ದಂಡದ ಚಲನೋ ಎಂಬಂತೆ ಎಪಿಕೆ ಫೈಲು (ಫೋನಿಗೆ ಆ್ಯಪ್ ಹಾಕುವ ಕಡತ) ಬರುತ್ತದೆ. ಹಾಕಿಕೊಂಡರೆ ಎಸ್ಸೆಮ್ಮೆಸ್ ಓದುವ ಅನುಮತಿ ಕೇಳುತ್ತದೆ, ಒಟಿಪಿ ಆ ಕಡೆ ಹೋಗುತ್ತದೆ, ನಿಮ್ಮ ವಾಟ್ಸಾಪ್ ಬೇರೆಯವರದಾಗುತ್ತದೆ. ಆಮೇಲೆ ಇಡೀ ವಾರ್ಡಿನ ಗ್ರೂಪಿಗೆ ನಿಮ್ಮ ಹೆಸರಿನಲ್ಲೇ ಸಂದೇಶ. ವಾಟ್ಸಾಪಿನಲ್ಲಿ ಆರು ಅಂಕೆಯ ಎರಡು ಹಂತದ ಪಿನ್ ಹಾಕಿ, ಜೋಡಿಸಿದ ಸಾಧನಗಳ ಪಟ್ಟಿಯಲ್ಲಿ ಗುರುತಿಲ್ಲದ್ದನ್ನು ಹೊರಹಾಕಿ, ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಸಿಮ್‌ಗಳೆಷ್ಟೆಂದು ನೋಡಿ. ನಿಜವಾಗಿಯೂ ಗುರಿಯಾಗಿರುವ ಅನುಮಾನವಿದ್ದರೆ ಐಫೋನಿನಲ್ಲಿ ಲಾಕ್‌ಡೌನ್ ಮೋಡ್ ಇದೆ. ಅನುಮಾನ ಬಂದ ಫೋನನ್ನು ರೀಸೆಟ್ ಮಾಡಿದರೆ ಸಾಕ್ಷಿಯೂ ಅಳಿಸಿಹೋಗುತ್ತದೆ.

ಕ್ಷೇತ್ರಕ್ಕೆ ಐದೇ ವಿವಿಪ್ಯಾಟ್ ಎಣಿಸುವುದು ಸಾಕಾ?

ಲೆಕ್ಕ ಹಾಕಿ ನೋಡಿ. ಕ್ಷೇತ್ರದಲ್ಲಿ 200 ಮೆಷಿನು, ಅದರಲ್ಲಿ 20 ಕೆಟ್ಟಿವೆ ಎಂದಿಟ್ಟುಕೊಳ್ಳಿ. ಚೀಟಿ ಎತ್ತಿ ಆರಿಸಿದ ಐದರಲ್ಲಿ ಒಂದಾದರೂ ಕೆಟ್ಟದ್ದು ಸಿಗುವ ಸಂಭವ ಸುಮಾರು 41 ಶೇಕಡಾ. ಕೆಟ್ಟದ್ದು ನಾಲ್ಕೇ ಆದರೆ 10 ಶೇಕಡಾಕ್ಕೂ ಕಡಿಮೆ. ಇಡೀ ರಾಜ್ಯದಲ್ಲಿ ವ್ಯಾಪಕ ಮೋಸ ನಡೆದರೆ ಐದೈದು ಎಣಿಸಿದರೂ ಸಿಕ್ಕಿಬೀಳುತ್ತದೆ, ಆ ಮಟ್ಟಿಗೆ ಐದು ಎಣಿಸಿ ಎಂದ 2019ರ ಸುಪ್ರೀಂ ಕೋರ್ಟ್ ಆದೇಶ ಸಾಕು. 89 ಓಟಿನ ಅಂತರದ ಒಂದು ಕ್ಷೇತ್ರಕ್ಕೆ ಸಾಲದು. ಅಂತರ ಕಿರಿದಾದಷ್ಟೂ ಹೆಚ್ಚು ಚೀಟಿ ಎಣಿಸುವ ಪದ್ಧತಿ ಅಮೆರಿಕದ ಕೆಲವು ರಾಜ್ಯಗಳಲ್ಲಿದೆ, ಅದು ನಮಗೂ ಬೇಕು ಎಂಬುದು ನಮ್ಮ ವಾದ.

ಎಲ್ಲ ಚೀಟಿ ಎಣಿಸಬೇಕೆಂಬ ಬೇಡಿಕೆಯನ್ನು ಕೋರ್ಟು 2024ರ ಏಪ್ರಿಲ್ 26ರಂದು ತಳ್ಳಿಹಾಕಿತು. ಆದರೆ ಎರಡನೇ, ಮೂರನೇ ಸ್ಥಾನದ ಅಭ್ಯರ್ಥಿಗಳು ಫಲಿತಾಂಶ ಬಂದ 7 ದಿನದೊಳಗೆ ಖರ್ಚು ಕಟ್ಟಿ ಕೇಳಿದರೆ 5 ಶೇಕಡಾ ಮೆಷಿನುಗಳನ್ನು ಎಂಜಿನಿಯರುಗಳು ಪರಿಶೀಲಿಸಬೇಕು ಎಂದಿತು. ಚಿಹ್ನೆ ತುಂಬುವ ಯೂನಿಟ್‌ಗಳನ್ನು ಫಲಿತಾಂಶದ ಬಳಿಕ 45 ದಿನ ಸೀಲು ಹಾಕಿ ಇಡಬೇಕೆಂದೂ ಹೇಳಿತು.

ಗಲ್ಫಿನಲ್ಲಿ ಇರುವ ನಮ್ಮ ಮಕ್ಕಳಿಗೆ ಮೊಬೈಲಿನಲ್ಲೇ ಓಟು ಕೊಟ್ಟರೇನು? ಹಣ ಕಳಿಸುವುದು ಅದರಲ್ಲೇ ಅಲ್ಲವೇ?

ಹಣದ ವ್ಯವಹಾರದಲ್ಲಿ ಯಾರು ಯಾರಿಗೆ ಎಷ್ಟು ಕೊಟ್ಟರೆಂಬ ದಾಖಲೆ ಇರಲೇಬೇಕು, ತಪ್ಪಾದರೆ ಅದನ್ನು ನೋಡಿಯೇ ಸರಿಪಡಿಸುವುದು. ಓಟಿನಲ್ಲಿ ಆ ದಾಖಲೆ ಇರಲೇಬಾರದು. ಈ ಗಂಟನ್ನು ಬ್ಲಾಕ್‌ಚೈನ್ ಬಿಡಿಸುವುದಿಲ್ಲ. ಒಮ್ಮೆ ಬರೆದದ್ದನ್ನು ತಿದ್ದಲಾಗದಂತೆ ಅದು ಕಾಯುತ್ತದೆ, ಬರೆಯುವ ಮೊದಲೇ ಫೋನು ಬದಲಿಸಿದ್ದರೆ ಅದಕ್ಕೇನು ಗೊತ್ತು? ಒಂದೇ ಕೋಣೆಯಲ್ಲಿ ಎಂಟು ಮಂದಿ ಇರುವ ಲೇಬರ್ ಕ್ಯಾಂಪಿನಲ್ಲಿ ಗುಟ್ಟಿನ ಓಟು ಹೇಗೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. 2005ರಿಂದ ಇಂಟರ್ನೆಟ್ ಮತದಾನ ನಡೆಸುತ್ತಿರುವ ಎಸ್ಟೋನಿಯದಲ್ಲಿ ಒತ್ತಡದಲ್ಲಿ ಹಾಕಿದ ಓಟನ್ನು ಮತ್ತೆ ಹಾಕಿ ಬದಲಿಸಬಹುದು. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯವಾದರೋ 2009ರ ಮಾರ್ಚ್ 3ರಂದು, ತಜ್ಞರಲ್ಲದ ಪ್ರಜೆಯೂ ಪರಿಶೀಲಿಸಲಾಗದ ಮತಯಂತ್ರ ಸಂವಿಧಾನಕ್ಕೆ ಒಗ್ಗದು ಎಂದಿತು. ಬಿಹಾರದಲ್ಲಿ 2025ರ ಜೂನಿನಲ್ಲಿ ಕೆಲವು ಪುರಸಭಾ ಚುನಾವಣೆಗಳಿಗೆ ಮೊಬೈಲ್ ಮತದಾನ ನಡೆದಿದೆ. ಅದನ್ನು ವಿಧಾನಸಭೆಗೆ ಏರಿಸುವ ಆತುರ ಬೇಡ.

ಸದ್ಯಕ್ಕೆ ಗಲ್ಫಿನವರು ನಮೂನೆ 6ಎಯಲ್ಲಿ, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸಕ್ಕೆ ಹೆಸರು ಸೇರಿಸಬಹುದು. ಬೇರೆ ದೇಶದ ಪೌರತ್ವ ಪಡೆದಿರಬಾರದು. ಓಟು ಹಾಕಲು ಊರಿಗೇ ಬರಬೇಕು, ಬೂತಿನಲ್ಲಿ ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಫೋಟೋಕಾಪಿ ನಡೆಯುವುದಿಲ್ಲ.